ಕ್ರಿಪ್ಟಿಕ್ ಸುಳಿವು ಒಡೆಯೋದು ಹೇಗೆ: ಪದಬಂಧ ನೋಟ್ಸ್

ಮಾಮೂಲಿ ಪದಬಂಧದಲ್ಲಿ ಸುಳಿವು ಅಂದ್ರೆ ಬರೀ ಅರ್ಥ. ಕ್ರಿಪ್ಟಿಕ್‌ನಲ್ಲಿ ಹಾಗಲ್ಲ, ಸಾಮಾನ್ಯವಾಗಿ ಒಂದೇ ಸಾಲಲ್ಲಿ ಉತ್ತರದ ನೇರ ಅರ್ಥಾನೂ ಇರುತ್ತೆ, ಅದೇ ಉತ್ತರನ ಅಕ್ಷರ ಜೋಡಿಸಿ ಕಟ್ಟೋ ಆಟಾನೂ ಇರುತ್ತೆ. ನೇರ ಅರ್ಥ ಸಾಲಿನ ಶುರುವಲ್ಲೋ ಕೊನೇಲೋ ಕೂತಿರುತ್ತೆ, ನಡುವೆ ಇರಲ್ಲ. ಅದಕ್ಕೇ ಸಾಲು ಏನ್ ಕಥೆ ಹೇಳ್ತಿದೆ ಅಂತ ತಲೆ ಕೆಡಿಸ್ಕೋಬೇಡಿ, ಎಲ್ಲಿ ಕತ್ತರಿಸ್ಬೇಕು ಅಂತ ನೋಡಿ.

ನಾನೇ ಕಟ್ಟಿದ್ದೊಂದು ತಗೊಳ್ಳಿ: "ಮನುಷ್ಯನೊಳಗೆ ಗಲಾಟೆ ಶುರುವಾದರೆ ಪಟ್ಟಣ (3)". ಕೊನೇಲಿರೋ 3 ಅಂದ್ರೆ ಉತ್ತರದಲ್ಲಿ ಮೂರು ಅಕ್ಷರ. ಓದಿದ್ರೆ ಯಾರೋ ಮನಸ್ಸು ಕೆಟ್ಟು ಊರು ಬಿಟ್ಟ ಹಾಗಿದೆ, ಅದೇ ಬಲೆ. ಕೊನೇ ಪದ ಪಟ್ಟಣ, ಅರ್ಥ ಅಲ್ಲಿರಬಹುದು ಅಂತ ಇಟ್ಕೊಳ್ಳಿ. ಮನುಷ್ಯ ಅಂದ್ರೆ ನರ, ಗಲಾಟೆಯ ಶುರು ಅಂದ್ರೆ ಅದರ ಮೊದಲಕ್ಷರ ಗ, "ಒಳಗೆ" ಅಂತ ಬೇರೆ ಹೇಳಿದೆ, ಸೋ ನ-ರ ನಡುವೆ ಗ ಕೂರಿಸಿ: ನಗರ. ಒಂದು ಪದಾನೂ ವೇಸ್ಟ್ ಆಗಿಲ್ಲ ನೋಡಿ, "ಆದರೆ" ಕೂಡ ಎರಡು ಭಾಗನ ಜೋಡಿಸೋ ಕೆಲಸ ಮಾಡ್ತಿದೆ.

ಬ್ರಿಟನ್ನಿನ ಆಬ್ಸರ್ವರ್ ಪತ್ರಿಕೆಗೆ ಝಿಮೆನೀಸ್ ಅನ್ನೋ ಹೆಸರಲ್ಲಿ ಪದಬಂಧ ಕಟ್ತಿದ್ದ ಮ್ಯಾಕ್‌ನಟ್ 1966ರ ಪುಸ್ತಕದಲ್ಲಿ ಹೇಳಿದ್ದರ ಸಾರಾನೂ ಇಷ್ಟೇ: ಸರಿಯಾದ ಅರ್ಥ, ನ್ಯಾಯವಾದ ಪದದಾಟ, ಅದು ಬಿಟ್ಟು ಇನ್ನೇನೂ ಇರಬಾರ್ದು. (ಅವನಿಗಿಂತ ಮುಂಚೆ ಅಲ್ಲಿದ್ದವನ ಹೆಸರು ಟಾರ್ಕೆಮಾಡ. ಎರಡೂ ಸ್ಪೇನಿನ ಇನ್‌ಕ್ವಿಸಿಷನ್, ಅಂದ್ರೆ ಧರ್ಮ ಮೀರಿದೋರನ್ನ ಹಿಂಸಿಸಿ ವಿಚಾರಿಸ್ತಿದ್ದ ಚರ್ಚ್ ನ್ಯಾಯಾಲಯದ ಮುಖ್ಯಸ್ಥರ ಹೆಸರು, ಬಿಡಿಸೋರ ಮೇಲೆ ಎಷ್ಟು ಪ್ರೀತಿ ನೋಡಿ!)

ಉಳಿದ ವೆರೈಟಿ ಬೇಗ ನೋಡ್ಬಿಡೋಣ. "ಶಿರ ಮಾರಾಟ ಮಾಡು ಎಂದ ಪೀಳಿಗೆ (4)", ತಲೆ ಪ್ಲಸ್ ಮಾರು, ತಲೆಮಾರು. "ಬೇಸರದಲ್ಲಿ ಸಿಕ್ಕ ಹಾರ (2)", ಬೇಸರ ಅನ್ನೋ ಪದದಲ್ಲೇ ಸರ ಅಡಗಿದೆ. "ರಾಜ, ಹುಡುಕು (3)", ಇಲ್ಲಿ ಆಟಾನೇ ಇಲ್ಲ, ಎರಡೂ ಅರ್ಥಾನೇ, ಉತ್ತರ ಅರಸು. ನನಗೆ ಇಂಥವೇ ಜಾಸ್ತಿ ಕಷ್ಟ, ಹಿಡ್ಕೊಳ್ಳೋಕೆ ಏನೂ ಸಿಗಲ್ಲ.

"ರಮಾ ತಿರುಗಿ ನೋಡಿದರೆ ಮನ್ಮಥ (2)", ಉತ್ತರ ಮಾರ. ಇಲ್ಲಿ ಗಮನಿಸಿ, ಮಾ ತನ್ನ ದೀರ್ಘದ ಜೊತೆಗೇ ಜಾಗ ಬದಲಾಯಿಸ್ತು. ಇಂಗ್ಲಿಷಲ್ಲಿ ಒಂದೊಂದು ಲೆಟರ್ ಬಿಡಿಬಿಡಿಯಾಗಿ ಓಡಾಡುತ್ತೆ, ನಮ್ಮಲ್ಲಿ ಗುಣಿತ ಒತ್ತಕ್ಷರ ಎಲ್ಲಾ ಸೇರಿ ಒಂದೇ ಮನೆ, ಅದಕ್ಕೇ ಕನ್ನಡದಲ್ಲಿ ಅಕ್ಷರ ಕಲಸೋ ಸುಳಿವು ಕಟ್ಟೋದು ಕಷ್ಟ, ತಿರುಗಿಸೋದು ಅಡಗಿಸೋದು ಸಲೀಸು. ಕಲಸೋದಕ್ಕೂ ಒಂದು ಕೊಡ್ತೀನಿ, "ಕೆಡು, ಕಂಗಾಲು, ಚೆಲ್ಲಾಪಿಲ್ಲಿ" ಥರದ ಪದ ಕಂಡ್ರೆ ಪಕ್ಕದ ಪದಾನ ಕಲಸಿ ನೋಡಿ: "ಕಂಗಾಲಾದ ಮದನ, ದಬ್ಬಾಳಿಕೆ (3)". ಇದನ್ನ ನೀವೇ ಬಿಡಿಸಿ.