ಮಿರಾಂಡಾ ಎಚ್ಚರಿಕೆ ನೀಡದಿದ್ದರೆ ಮೊಕದ್ದಮೆ ಬಿದ್ದುಹೋಗುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ಬಂಧಿಸುವಾಗ ‘ಸುಮ್ಮನಿರುವ ಹಕ್ಕು ನಿಮಗಿದೆ’ ಎಂದು ಪೊಲೀಸರು ಹೇಳದಿದ್ದರೆ ಆರೋಪಿಯನ್ನು ಬಿಟ್ಟುಬಿಡಬೇಕಾಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಈ ಎಚ್ಚರಿಕೆ ಬಂಧನಕ್ಕೆ ಸಂಬಂಧಿಸಿದ್ದಲ್ಲ. ವಶದಲ್ಲಿರುವ ವ್ಯಕ್ತಿಯನ್ನು ಪೊಲೀಸರು ಪ್ರಶ್ನಿಸುವುದಕ್ಕೆ ಸಂಬಂಧಿಸಿದ್ದು. ಬಂಧಿಸಿ, ಏನನ್ನೂ ಕೇಳದೆ ಕೂರಿಸಿದ್ದರೆ ಎಚ್ಚರಿಕೆಯ ಅಗತ್ಯವೇ ಇರುವುದಿಲ್ಲ. ಎಚ್ಚರಿಸದೆ ಪ್ರಶ್ನಿಸಿದರೆ ಬೀಳುವುದು ಆ ಹೇಳಿಕೆ ಮಾತ್ರ: ಅಪರಾಧವನ್ನು ಸಾಬೀತುಪಡಿಸಲು ಸರಕಾರ ಅದನ್ನು ಬಳಸುವಂತಿಲ್ಲ. ಬೇರೆ ಸಾಕ್ಷ್ಯವಿದ್ದರೆ ಮೊಕದ್ದಮೆ ಮುಂದುವರಿಯುತ್ತದೆ.

ಇದಕ್ಕೆ ಎರ್ನೆಸ್ಟೊ ಮಿರಾಂಡಾನ ಕಥೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1963ರಲ್ಲಿ ಫೀನಿಕ್ಸ್ ಪೊಲೀಸರು ಸುಮಾರು ಎರಡು ಗಂಟೆ ಪ್ರಶ್ನಿಸಿ ಆತನಿಂದ ತಪ್ಪೊಪ್ಪಿಗೆ ಬರೆಸಿಕೊಂಡರು. ‘ನನ್ನ ಹಕ್ಕುಗಳನ್ನು ಪೂರ್ಣವಾಗಿ ಅರಿತು ಇದನ್ನು ನೀಡುತ್ತಿದ್ದೇನೆ’ ಎಂಬ ಅರ್ಥದ ಸಾಲು ಆ ಕಾಗದದ ತಲೆಯಲ್ಲಿ ಮೊದಲೇ ಅಚ್ಚಾಗಿತ್ತು. ವಕೀಲರನ್ನು ಜೊತೆಗಿಟ್ಟುಕೊಳ್ಳಬಹುದೆಂದು ಮಾತ್ರ ಆತನಿಗೆ ಯಾರೂ ಹೇಳಿರಲಿಲ್ಲ. 1966ರಲ್ಲಿ ಸುಪ್ರೀಂ ಕೋರ್ಟ್, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆನ್ನುವ, ಅಮೆರಿಕ ಸಂವಿಧಾನದ ಐದನೇ ತಿದ್ದುಪಡಿಯ ಆಧಾರದ ಮೇಲೆ, 5-4ರ ಬಹುಮತದಿಂದ ಆತನ ಶಿಕ್ಷೆಯನ್ನು ರದ್ದುಪಡಿಸಿತು. ಆದರೆ ಮರುವರ್ಷವೇ ತಪ್ಪೊಪ್ಪಿಗೆಯನ್ನು ಬದಿಗಿಟ್ಟು ಮರುವಿಚಾರಣೆ ನಡೆದು, ಮಿರಾಂಡಾ ಮತ್ತೆ ಅಪರಾಧಿಯೆಂದೇ ತೀರ್ಮಾನವಾಯಿತು.

ನಿಯಮಕ್ಕೆ ವಿನಾಯಿತಿಗಳೂ ಉಂಟು. ನ್ಯೂಯಾರ್ಕಿನ ಸೂಪರ್ ಮಾರ್ಕೆಟ್ ಒಂದರಲ್ಲಿ ಸಿಕ್ಕಿಬಿದ್ದವನ ಹೆಗಲಿನಲ್ಲಿ ಪಿಸ್ತೂಲಿನ ಖಾಲಿ ಚೀಲ ಕಂಡ ಪೊಲೀಸ್ ಅಧಿಕಾರಿ ‘ಪಿಸ್ತೂಲು ಎಲ್ಲಿ?’ ಎಂದು ಕೇಳಿದಾಗ, ಅವನು ಖಾಲಿ ರಟ್ಟಿನ ಪೆಟ್ಟಿಗೆಗಳತ್ತ ತಲೆಯಾಡಿಸಿ ‘ಅಲ್ಲಿದೆ’ ಎಂದ. ಸಾರ್ವಜನಿಕರ ಸುರಕ್ಷತೆಯ ಪ್ರಶ್ನೆ ಇದ್ದುದರಿಂದ ಎಚ್ಚರಿಕೆಯಿಲ್ಲದ ಆ ಉತ್ತರವನ್ನೂ ಸಾಕ್ಷ್ಯವಾಗಿ ಒಪ್ಪಬಹುದೆಂದು 1984ರಲ್ಲಿ ಕೋರ್ಟ್ ಹೇಳಿತು.

ನನ್ನ ದೃಷ್ಟಿಯಲ್ಲಿ ಹೆಚ್ಚು ವಿಚಿತ್ರವಾದದ್ದು 2010ರ ತೀರ್ಪು: ಸುಮ್ಮನಿರುವ ಹಕ್ಕನ್ನು ಬಳಸುವವನು ಹಾಗೆಂದು ಬಾಯಿಬಿಟ್ಟು ಹೇಳಬೇಕು. ಎಚ್ಚರಿಕೆಯನ್ನು ಕೇಳಿಸಿಕೊಂಡು, ಹೆಚ್ಚುಕಡಿಮೆ ಮೂರು ಗಂಟೆ ಮೌನವಾಗಿದ್ದು ಕೊನೆಗೊಮ್ಮೆ ‘ಹೌದು’ ಎಂದವನ ಆ ಒಂದು ಮಾತು ಅವನ ವಿರುದ್ಧವೇ ಬಳಕೆಯಾಯಿತು.

ಭಾರತದಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಸಾಕ್ಷ್ಯವೆಂದು ಪರಿಗಣಿಸುವುದೇ ಇಲ್ಲ. ಅಮೆರಿಕದಲ್ಲಿ ಅದು ಸಲ್ಲುತ್ತದೆ. ಐದನೇ ತಿದ್ದುಪಡಿ ‘ಪ್ರಜೆ’ ಎನ್ನದೆ ‘ವ್ಯಕ್ತಿ’ ಎನ್ನುವುದರಿಂದ ಅಲ್ಲಿ ವೀಸಾದ ಮೇಲಿರುವ ಕನ್ನಡಿಗರಿಗೂ ಈ ರಕ್ಷಣೆ ಇದೆ. ಆದರೆ ‘ನಾನು ಉತ್ತರಿಸುವುದಿಲ್ಲ, ವಕೀಲರು ಬೇಕು’ ಎಂದು ಸ್ಪಷ್ಟವಾಗಿ ಹೇಳುವ ಹೊಣೆ ಅವರದೇ.