ಕೋಳಿಯ ಕೊಬ್ಬು: ಮೇವಿನ ಪಾಲೆಷ್ಟು, ತಳಿಯ ಪಾಲೆಷ್ಟು?

ಬೆಂಗಳೂರಿನ ಅಂಗಡಿಗಳಲ್ಲಿ ಬಾಯ್ಲರ್ ಕೋಳಿಯನ್ನು ಸೀಳಿದಾಗ ಹೊಟ್ಟೆಯ ಕೆಳಭಾಗದಲ್ಲಿ ಸಿಗುವ ಹಳದಿ ಕೊಬ್ಬಿನ ಗಡ್ಡೆಯನ್ನು ನೋಡಿದವರು ಸಾಮಾನ್ಯವಾಗಿ ಮೇವನ್ನು ದೂರುತ್ತಾರೆ. ಅದು ಅರ್ಧ ಸತ್ಯ. ಒಂದೇ ಶೆಡ್ಡಿನಲ್ಲಿ ಒಂದೇ ಮೇವು ತಿಂದ ಕೋಳಿಗಳ ಹೊಟ್ಟೆಕೊಬ್ಬಿನಲ್ಲೂ ವ್ಯತ್ಯಾಸವಿರುತ್ತದೆ; ಅದರಲ್ಲಿ ಅರ್ಧದಷ್ಟು, ಕೆಲವು ಅಧ್ಯಯನಗಳ ಪ್ರಕಾರ ಅದಕ್ಕೂ ಹೆಚ್ಚು, ಆನುವಂಶಿಕವಾದದ್ದು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ತಳಿಗಾರರು ಮುಖ್ಯವಾಗಿ ತೂಕ ನೋಡಿಯೇ ಕೋಳಿಗಳನ್ನು ಆರಿಸುತ್ತ ಬಂದರು. ಅದರ ಫಲವೆಷ್ಟೆಂಬುದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯವು 2014ರಲ್ಲಿ ಪ್ರಕಟಿಸಿದ ಹೋಲಿಕೆ ತೋರಿಸುತ್ತದೆ: ಒಂದೇ ಮೇವಿನಲ್ಲಿ 56 ದಿನಕ್ಕೆ 1957ರ ತಳಿಯು 905 ಗ್ರಾಂ ತೂಗಿದರೆ, 2005ರ ತಳಿಯು 4,202 ಗ್ರಾಂ ತೂಗಿತು. ಆದರೆ ತೂಕಕ್ಕಾಗಿ ಆರಿಸಿದ ಹಕ್ಕಿಗಳು ಹೊಟ್ಟೆಬಾಕಗಳೂ ಆದವು. ತೂಕದ ಬೆನ್ನಿಗೆ ಕೊಬ್ಬೂ ಬಂತು. ಗಿರಾಕಿ ಬಿಸಾಡುವ ಆ ಕೊಬ್ಬು ಸಾಕುವವರಿಗೂ ನಷ್ಟವೇ, ಏಕೆಂದರೆ ನೀರಿನಂಶ ಹೆಚ್ಚಿರುವ ಮಾಂಸಕ್ಕಿಂತ ಅಷ್ಟೇ ತೂಕದ ಕೊಬ್ಬು ಕಟ್ಟಲು ಹೆಚ್ಚು ಮೇವು ಬೇಕು.

1970ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಸಮಾನ ತೂಕದ ಕೋಳಿಗಳಲ್ಲೇ ಕೊಬ್ಬಿದವುಗಳನ್ನೂ ತೆಳ್ಳಗಿನವುಗಳನ್ನೂ ಬೇರ್ಪಡಿಸಿ, ಕೆಲವೇ ಪೀಳಿಗೆಗಳಲ್ಲಿ ಹೊಟ್ಟೆಕೊಬ್ಬು ಎರಡು ಪಟ್ಟಿಗೂ ಹೆಚ್ಚು ಭಿನ್ನವಾದ ಎರಡು ವಂಶಗಳನ್ನು ಬೆಳೆಸಿದರು. ಕೋಳಿಯಲ್ಲಿ ಕೊಬ್ಬು ತಯಾರಾಗುವುದು ಬಹುಮಟ್ಟಿಗೆ ಪಿತ್ತಜನಕಾಂಗದಲ್ಲಿ. ರಕ್ತದ ಮೂಲಕ ಸಾಗಿ ಹೊಟ್ಟೆಯಲ್ಲೂ ಚರ್ಮದಡಿಯಲ್ಲೂ ಅದು ಶೇಖರವಾಗುತ್ತದೆ. ಈ ದಾರಿಯ ಪ್ರತಿ ಹಂತದಲ್ಲೂ ಹಲವು ವಂಶವಾಹಿಗಳ ಕೈವಾಡವಿದೆ. 2004ರಲ್ಲಿ ಕೋಳಿಯ ಜೀನೋಮ್, ಅಂದರೆ ಅದರ ಆನುವಂಶಿಕ ಮಾಹಿತಿಯ ಪೂರ್ಣ ನಕ್ಷೆ, ಪ್ರಕಟವಾದ ಮೇಲೆ ಹುಡುಕಾಟ ಸುಲಭವಾಯಿತಾದರೂ, ಕೊಬ್ಬನ್ನೆಲ್ಲ ನಿಯಂತ್ರಿಸುವ ಏಕೈಕ ವಂಶವಾಹಿ ಸಿಗಲಿಲ್ಲ.

ರುಚಿಯ ಪ್ರಶ್ನೆಯೇ ಬೇರೆ. ರುಚಿಗೆ ನೆರವಾಗುವ, ಮಾಂಸದ ಎಳೆಗಳ ನಡುವಿನ ಕೊಬ್ಬಿಗೂ ಹೊಟ್ಟೆಕೊಬ್ಬಿಗೂ ಆನುವಂಶಿಕ ನಂಟು ಬಿಗಿಯಾಗಿಲ್ಲ; ಹಾಗಾಗಿ ಒಂದನ್ನು ಇಳಿಸಿ ಇನ್ನೊಂದನ್ನು ಉಳಿಸಿಕೊಳ್ಳುವ ಅವಕಾಶವಿದೆ. ಭಾರೀ ಬಾಯ್ಲರ್‌ಗಳ ಎದೆಮಾಂಸದಲ್ಲಿ ಈಚೆಗೆ ಕಾಣುವ ಬಿಳಿ ಗೆರೆಗಳನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬಾರದು. ಅವು ಹಾನಿಗೊಂಡ ಸ್ನಾಯುವಿನ ಜಾಗದಲ್ಲಿ ತುಂಬಿಕೊಂಡ ಕೊಬ್ಬು ಮತ್ತು ನಾರು.

ಹಳದಿ ಚರ್ಮ ಕಂಡೊಡನೆ ಕೊಬ್ಬಿನ ಕೋಳಿಯೆನ್ನುವುದೂ ಸರಿಯಲ್ಲ. ಮೇವಿನ ಹಳದಿ ವರ್ಣದ್ರವ್ಯ ಚರ್ಮದಲ್ಲಿ ಉಳಿಯುವಂತೆ ಮಾಡುವ ವಂಶವಾಹಿ ರೂಪವು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು 2008ರ ಸಂಶೋಧನೆ ತೋರಿಸಿತು. ನಮ್ಮ ಪಶ್ಚಿಮಘಟ್ಟದಲ್ಲಿ ಈಗಲೂ ಕೂಗುವ ಹಕ್ಕಿ ಅದು.

ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದು ರೂಪಿಸಿದ ಗಿರಿರಾಜ ತಳಿಯನ್ನೋ ನಾಟಿ ಕೋಳಿಯನ್ನೋ ಬಾಯ್ಲರ್‌ಗೆ ಹೋಲಿಸುವವರು ವಯಸ್ಸನ್ನು ಮರೆಯುತ್ತಾರೆ. ಬಾಯ್ಲರ್ ಸುಮಾರು ಆರು ವಾರಕ್ಕೆ ಅಂಗಡಿ ಸೇರುತ್ತದೆ, ನಾಟಿ ಕೋಳಿ ತಿಂಗಳುಗಟ್ಟಲೆ ಓಡಾಡಿರುತ್ತದೆ. ತಳಿಯ ಪಾಲನ್ನು ಅಳೆಯಬೇಕಾದರೆ ಎರಡನ್ನೂ ಒಂದೇ ಮೇವಿನಲ್ಲಿ ಬೆಳೆಸಿ, ಒಮ್ಮೆ ಸಮಾನ ವಯಸ್ಸಿನಲ್ಲಿ, ಇನ್ನೊಮ್ಮೆ ಸಮಾನ ತೂಕದಲ್ಲಿ ಕೊಯ್ದು ನೋಡಬೇಕಾಗುತ್ತದೆ.