ತೀರ್ಪಿನೊಳಗಿನ ಪ್ರಾಸಂಗಿಕ ಮಾತನ್ನು ಗುರುತಿಸುವುದು ಹೇಗೆ?

ಪೂರ್ವನಿದರ್ಶನದ (ಹಿಂದಿನ ತೀರ್ಪನ್ನು ಮುಂದಿನ ಪ್ರಕರಣಗಳಲ್ಲಿ ಅನುಸರಿಸುವ ಪದ್ಧತಿಯ) ಪಾಠಕ್ಕೆಂದು ಮಡಿಕೇರಿಯಲ್ಲಿ ಬರೆದುಕೊಂಡ ಟಿಪ್ಪಣಿ ಇದು. ನನ್ನ ಜೊತೆ ಕಾನೂನು ಓದುತ್ತಿರುವವರಿಗೂ ಉಪಯೋಗವಾಗಲಿ.

ನ್ಯಾಯಾಧೀಶರು ತೀರ್ಪಿನಲ್ಲಿ ಬರೆದದ್ದೆಲ್ಲ ಕಾನೂನಾಗುವುದಿಲ್ಲ. ವ್ಯಾಜ್ಯವನ್ನು ತೀರ್ಮಾನಿಸಲು ಬೇಕೇ ಬೇಕಾಗಿದ್ದ ತತ್ವವು ನಿರ್ಣಯಾಧಾರ, ಅಂದರೆ ರೇಷಿಯೋ. ಮಾತಿಗೆ ಮಾತು ಬಂದು ಹೇಳಿದ್ದು ಪ್ರಾಸಂಗಿಕೋಕ್ತಿ, ಅಂದರೆ ಒಬಿಟರ್. ಮೊದಲನೆಯದನ್ನು ಕೆಳಗಿನ ನ್ಯಾಯಾಲಯಗಳು ಪಾಲಿಸಲೇಬೇಕು. ಎರಡನೆಯದಕ್ಕೆ ಗೌರವ ಉಂಟು, ಕಟ್ಟುಪಾಡಿಲ್ಲ.

ನಮ್ಮ ಕಡೆಯ ಒಂದು ಜಗಳವನ್ನು ಕಲ್ಪಿಸಿಕೊಳ್ಳಿ. ನಾಟಿಯ ಹೊತ್ತಿಗೆ ಮೇಲಿನ ಗದ್ದೆಯವರು ತೋಡಿಗೆ ಕಟ್ಟೆ ಹಾಕಿ ಕೆಳಗಿನವರಿಗೆ ನೀರು ಬಿಡಲಿಲ್ಲ. ವಿಚಾರ ಊರ ಮುಖ್ಯಸ್ಥರಾದ ತಕ್ಕರ ಮುಂದೆ ಬಂತು. “ತೋಡಿನ ನೀರು ಎಲ್ಲರದ್ದು. ಮೇಲಿನವರು ಪೂರ್ತಿ ತಡೆಯುವ ಹಾಗಿಲ್ಲ, ಕಟ್ಟೆ ಬಿಡಿಸಿ. ಹಾಗೆಯೇ, ನಾಳೆ ಬಾಣೆಯ (ಗದ್ದೆಗೆ ಸೇರಿದ ಕಾಡುಜಾಗದ) ಮರ ಕಡಿಯುವುದಿದ್ದರೂ ನೆರೆಯವರನ್ನು ಕೇಳಿಯೇ ಕಡಿಯಬೇಕು” ಎಂದರು ಅವರು. ಮರದ ತಂಟೆಯನ್ನು ಯಾರೂ ತಂದಿರಲಿಲ್ಲ. ಅದರ ಬಗ್ಗೆ ಎರಡೂ ಕಡೆಯವರು ವಾದಿಸಲಿಲ್ಲ, ಯಾರೂ ಸಾಕ್ಷಿ ಹೇಳಲಿಲ್ಲ. ಪ್ರಾಸಂಗಿಕೋಕ್ತಿ ಏಕೆ ಬಂಧನಕಾರಿಯಲ್ಲ ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣ ಇದೇ: ವಾದದ ಬೆಂಕಿಯಲ್ಲಿ ಬೇಯದ ಮಾತು ಅದು.

ಅಮೆರಿಕದ ಕಾನೂನು ಪ್ರಾಧ್ಯಾಪಕ ಯೂಜೀನ್ ವಾಂಬಾ 1890ರ ದಶಕದಲ್ಲಿ ಒಂದು ಪರೀಕ್ಷೆ ಹೇಳಿಕೊಟ್ಟರು. ವಾಕ್ಯವನ್ನು ತಿರುವು ಮುರುವು ಮಾಡಿ ನೋಡಿ. ತೀರ್ಮಾನ ಬದಲಾದರೆ ಅದು ನಿರ್ಣಯಾಧಾರ. “ಮೇಲಿನವರು ನೀರು ತಡೆಯಬಹುದು” ಎಂದರೆ ಕಟ್ಟೆ ಉಳಿಯುತ್ತದೆ. ಮರದ ಮಾತನ್ನು ಹೇಗೆ ತಿರುಗಿಸಿದರೂ ಕಟ್ಟೆ ಹೋಗಲೇಬೇಕು. ಆದರೆ ಈ ಪರೀಕ್ಷೆಗೂ ಒಂದು ಕೊರತೆಯಿದೆ. ತೀರ್ಪಿಗೆ ಎರಡು ಸ್ವತಂತ್ರ ಕಾರಣಗಳಿದ್ದರೆ ಒಂದನ್ನು ತಿರುಗಿಸಿದರೂ ಇನ್ನೊಂದರ ಬಲದಿಂದ ತೀರ್ಪು ನಿಲ್ಲುತ್ತದೆ. ಹಾಗೆಂದು ಅವು ಪ್ರಾಸಂಗಿಕವಾಗುವುದಿಲ್ಲ, ಎರಡೂ ನಿರ್ಣಯಾಧಾರಗಳೇ. ಹಲವರು ಎಡವುವುದು ಇಲ್ಲಿ.

ಬಂಧನಕಾರಿಯಲ್ಲದ ಮಾತು ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ 1947ರ ಹೈ ಟ್ರೀಸ್ ಪ್ರಕರಣ ಓದಿ. ಲಂಡನ್ನಿನ ಫ್ಲಾಟುಗಳ ಕಟ್ಟಡವೊಂದನ್ನು 1937ರಲ್ಲಿ ವರ್ಷಕ್ಕೆ 2,500 ಪೌಂಡಿಗೆ 99 ವರ್ಷದ ಗುತ್ತಿಗೆಗೆ ಕೊಡಲಾಗಿತ್ತು. ಯುದ್ಧ ಬಂದು ಫ್ಲಾಟುಗಳು ಖಾಲಿ ಬಿದ್ದಾಗ, 1940ರಲ್ಲಿ ಮಾಲೀಕರು ಬಾಡಿಗೆಯನ್ನು ಅರ್ಧಕ್ಕೆ ಇಳಿಸಿದರು. 1945ರಲ್ಲಿ ಮನೆಗಳು ಮತ್ತೆ ತುಂಬಿದವು. ಮಾಲೀಕರು ಆ ವರ್ಷದ ಕೊನೆಯ ಎರಡು ತ್ರೈಮಾಸಿಕಗಳ ಪೂರ್ಣ ಬಾಡಿಗೆಗೆ ದಾವೆ ಹೂಡಿ ಗೆದ್ದರು. ವ್ಯಾಜ್ಯ ಅಲ್ಲಿಗೆ ಮುಗಿಯಿತು. ಆದರೆ ನ್ಯಾಯಮೂರ್ತಿ ಡೆನಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಯುದ್ಧದ ವರ್ಷಗಳ ಬಾಕಿ ಕೇಳಿದ್ದರೆ ಸಿಗುತ್ತಿರಲಿಲ್ಲ, ನಂಬಿ ನಡೆದವರ ಎದುರು ಕೊಟ್ಟ ಮಾತನ್ನು ಹಿಂತೆಗೆಯಲಾಗದು ಎಂದರು. ಆ ಬಾಕಿಯನ್ನು ಯಾರೂ ಕೇಳಿರಲಿಲ್ಲ! ಆ ಮಾತಿನಿಂದಲೇ ವಾಗ್ದಾನದ ಪ್ರತಿಬಂಧ ತತ್ವಕ್ಕೆ ಹೊಸ ಜೀವ ಬಂತು. 1978ರಲ್ಲಿ ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ, ತೆರಿಗೆ ವಿನಾಯಿತಿಯ ಮಾತು ಕೊಟ್ಟು ಹಿಂದೆ ಸರಿದ ಉತ್ತರ ಪ್ರದೇಶ ಸರ್ಕಾರವನ್ನು ನಮ್ಮ ಸುಪ್ರೀಂ ಕೋರ್ಟ್ ಅದೇ ತತ್ವದಿಂದ ಹಿಡಿದು ನಿಲ್ಲಿಸಿತು.

ಭಾರತದ ಸ್ಥಿತಿ ಚಿಕ್ಕದಾಗಿ: ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯ. ಅದು ವಿಚಾರಮಾಡಿ ಹೇಳಿದ ಪ್ರಾಸಂಗಿಕ ಅಭಿಪ್ರಾಯಕ್ಕೂ ಹೈಕೋರ್ಟುಗಳು ಸಾಮಾನ್ಯವಾಗಿ ತಲೆಬಾಗುತ್ತವೆ. ಸುಮ್ಮನೆ ಹೇಳಿಹೋದ ಮಾತಿಗೆ ಆ ತೂಕವಿಲ್ಲ. ತೀರ್ಪಿನ ಜೀವಾಳ ಅದರ ನಿರ್ಣಯಾಧಾರ, ಅದರೊಳಗಿನ ಪ್ರತಿಯೊಂದು ಅಭಿಪ್ರಾಯವೂ ಅಲ್ಲ ಎಂದು ಸುಧಾಂಶು ಶೇಖರ್ ಮಿಶ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನನ್ನ ಮೊದಲ ಅಣಕು ನ್ಯಾಯಾಲಯದಲ್ಲಿ ಇಂಥದ್ದೇ ಒಂದು ಪ್ರಾಸಂಗಿಕ ಮಾತನ್ನು ಬಂಧನಕಾರಿ ಎಂದು ಓದಿದೆ. ಪೀಠದಲ್ಲಿದ್ದ ಹಿರಿಯ ವಕೀಲರು, “ಈ ಪ್ರಶ್ನೆ ಆ ನ್ಯಾಯಾಲಯದ ಮುಂದೆ ಇತ್ತೇನಮ್ಮಾ?” ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಅಂದಿನಿಂದ ಯಾವ ತೀರ್ಪು ಓದಿದರೂ ಮೊದಲು ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಯನ್ನು ಬರೆಯುತ್ತೇನೆ. ಹೈ ಟ್ರೀಸ್‌ನ ನನ್ನ ಪ್ರತಿಯಲ್ಲಿ ಹೀಗಿದೆ: “1945ರ ಕೊನೆಯ ಎರಡು ತ್ರೈಮಾಸಿಕದ ಬಾಡಿಗೆ. ಅಷ್ಟೇ.”